ಬೇತಾಳ ಮರಳುವುದಾದರೆ ಕನ್ನಡದಲ್ಲೇ ಹುಟ್ಟಿ ಬರಲಿ

ಮಕ್ಕಳ ಪತ್ರಿಕೆ ‘ಚಂದಮಾಮ’ ಮತ್ತೆ ಬರಬೇಕೆಂಬ ಮಾತು ಎದ್ದಾಗಲೆಲ್ಲ ಓದುಗರು ಎರಡು ಬಣವಾಗುತ್ತಾರೆ. ಹಳೆಯ ಸಂಚಿಕೆಗಳನ್ನು ಒಂದಕ್ಷರ ಬದಲಿಸದೆ ಅಚ್ಚು ಹಾಕಿ, ಬೇತಾಳನ ತಂಟೆಗೆ ಹೋಗಬೇಡಿ ಎನ್ನುತ್ತದೆ ಒಂದು ಬಣ. ಈಗಿನ ಮಕ್ಕಳಿಗೆ ಸ್ಮಶಾನ, ಶವ, ದೆವ್ವ ಯಾಕೆ, ವಿಜ್ಞಾನ ಕ್ರೀಡೆ ತುಂಬಿಸಿ ಎನ್ನುತ್ತದೆ ಇನ್ನೊಂದು. ಎರಡೂ ತಪ್ಪು.

ಮೊದಲ ಬಣ ಕಾಪಾಡಲು ಹೊರಟಿರುವ ‘ಮೂಲ’ ಎಂಬುದೇ ಇಲ್ಲ. ಕಾಶ್ಮೀರದ ಸೋಮದೇವ 11ನೇ ಶತಮಾನದಲ್ಲಿ ‘ಕಥಾಸರಿತ್ಸಾಗರ’ದೊಳಗೆ ತಂದ ಬೇತಾಳ ಕಥೆಗಳು ಇಪ್ಪತ್ತೈದರ ಲೆಕ್ಕದವು. ಚಂದಮಾಮದಲ್ಲಿ ಬಂದವು ನೂರಾರು. ಹಳೆಯ ಗಂಟು ಕರಗಿದ ಮೇಲೆ ಬೇರೆ ಬೇರೆ ಕಡೆಯ ಕಥೆಗಳನ್ನು ಹೊಂದಿಸಿ, ಕೊನೆಗೊಂದು ಧರ್ಮಸಂಕಟದ ಪ್ರಶ್ನೆ ಕೂಡಿಸಿ ಬೇತಾಳನ ಬಾಯಿಗೆ ಹಾಕಲಾಯಿತು. ಕತ್ತಿ ಹಿರಿದು, ಬೇತಾಳ ಹೊಕ್ಕ ಶವವನ್ನು ಹೆಗಲ ಮೇಲೆ ಹೊತ್ತು ನಡೆಯುವ ರಾಜನ ಆ ಚಿತ್ರವನ್ನು ಬರೆದವರು 1952ರಲ್ಲಿ ಪತ್ರಿಕೆ ಸೇರಿದ ಕೆ.ಸಿ. ಶಿವಶಂಕರನ್, ಎಲ್ಲರ ಬಾಯಲ್ಲಿ ‘ಶಂಕರ್’. 2020ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮಶ್ರೀ ಬಂತು. ಓದುಗರು ಸನಾತನವೆಂದು ನಂಬಿರುವುದು ಹೀಗೆ ತೀರಾ ಈಚಿನ ಕಲಾವಿದರ ಸೃಷ್ಟಿ.

ಎರಡನೆಯ ಬಣಕ್ಕೆ ಗಿರೀಶ ಕಾರ್ನಾಡರ ‘ಹಯವದನ’ವೇ ಉತ್ತರ. ತಲೆಗಳು ಅದಲುಬದಲಾದರೆ ಗಂಡ ಯಾರು ಎಂಬ ಪ್ರಶ್ನೆ ಬೇತಾಳನದು. ಥಾಮಸ್ ಮನ್ ಅದನ್ನು ಕಾದಂಬರಿಯಾಗಿಸಿದರು, ಕಾರ್ನಾಡರು ಕನ್ನಡದ ದೊಡ್ಡ ನಾಟಕವಾಗಿಸಿದರು. ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ರಾಜನ ತಲೆ ಸಿಡಿದು ಹೋಗುತ್ತದೆಂಬ ಭಯವೇ ಮಗುವನ್ನು ಆಲೋಚನೆಗೆ ಹಚ್ಚುತ್ತದೆ. ಆ ಭಯ ತೆಗೆದರೆ ಉಳಿಯುವುದು ಒಣ ನೀತಿಪಾಠ.

ಹಾಗಾದರೆ ಪತ್ರಿಕೆ ಸತ್ತದ್ದೇಕೆ? ನಾಗಿರೆಡ್ಡಿ, ಚಕ್ರಪಾಣಿ 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭಿಸಿದ ಚಂದಮಾಮ 1949ರಲ್ಲಿ ಕನ್ನಡಕ್ಕೆ ಬಂತು. 1998ರಲ್ಲಿ ನಿಂತು, ಮರುವರ್ಷ ಎದ್ದಿತು. 2007ರಲ್ಲಿ ಮುಂಬೈನ ಜಿಯೋಡೆಸಿಕ್ ಕಂಪನಿ ಕೊಂಡಿತು. ಹೊಸ ವಿನ್ಯಾಸ, ಜಾಲತಾಣ ಎಲ್ಲ ಆಯಿತು. ಕೊನೆಗೆ ಕಂಪನಿಯೇ ಸಾಲದಲ್ಲಿ ಮುಳುಗಿ, 2013ರ ಹೊತ್ತಿಗೆ ಎಲ್ಲ ಭಾಷೆಗಳ ಮುದ್ರಣವೂ ನಿಂತಿತು. ಕನ್ನಡದ ಓದುಗರಿಗೆ ಇದರಲ್ಲಿ ಯಾವ ಮಾತೂ ಇರಲಿಲ್ಲ, ಏಕೆಂದರೆ ಕನ್ನಡದ ಸಂಚಿಕೆ ಮೊದಲಿನಿಂದಲೂ ಬೇರೆಡೆ ಸಿದ್ಧವಾದ ಕಥೆಯ ಅನುವಾದವಾಗಿತ್ತು.

ಅನುವಾದವೇ ಕನ್ನಡದ ಹಣೆಬರಹವಾಗಬೇಕಿಲ್ಲ. ಕಥೆಗಳು ಇಲ್ಲೇ ಇವೆ, ಮೈಸೂರು ಸೀಮೆಯ ತಾಂಡವಪುರದಲ್ಲಿ ನಿಂತು ನೋಡಿದರೆ ಸಾಕು. ಒಂದು ಕಡೆ ನಂಜನಗೂಡು. ಇನ್ನೊಂದು ಕಡೆ ತಿ. ನರಸೀಪುರ ತಾಲ್ಲೂಕಿನ ತಲಕಾಡು. ಗುಡಿಗಳನ್ನೇ ನುಂಗಿದ ಅಲ್ಲಿನ ಮರಳು, 1610ರಲ್ಲಿ ರಾಜ ಒಡೆಯರ ಕೈಗೆ ಶ್ರೀರಂಗಪಟ್ಟಣ ಬಂದಾಗ ಒಡವೆಗಾಗಿ ಬೆನ್ನಟ್ಟಿದವರಿಗೆ ಶಾಪ ಕೊಟ್ಟು ಹೊಳೆಗೆ ಹಾರಿದಳೆನ್ನುವ ಅಲಮೇಲಮ್ಮನ ಕಥೆ ಇಲ್ಲಿನವು. ಒಡವೆ ಯಾರದು, ಶಾಪ ನ್ಯಾಯವೇ? ಬೇತಾಳ ಕೇಳಬಹುದಾದ ಪ್ರಶ್ನೆ ಇದಕ್ಕಿಂತ ಬೇಕೆ? ಇದೇ ಸೀಮೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಪವಾಡಗಳು ಒಂದು ಚಿತ್ರಕಥಾ ಮಾಲೆಗೆ ಹಲವು ವರ್ಷ ಸಾಲುತ್ತವೆ.

ಆದ್ದರಿಂದ ಮರುಹುಟ್ಟಿನ ಹೊಣೆ ಹೊರುವವರು ಯಾರೇ ಆಗಲಿ, ಮೂರು ಷರತ್ತು ಒಪ್ಪಬೇಕು. ಹಳೆಯ ಕನ್ನಡ ಸಂಚಿಕೆಗಳು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತವಾಗಿ ಸಿಗಬೇಕು. ಹೊಸ ಕಥೆಗಳು ಮೊದಲು ಕನ್ನಡದಲ್ಲಿ ಹುಟ್ಟಿ, ಬೇಕಾದರೆ ಇಲ್ಲಿಂದ ತೆಲುಗು, ತಮಿಳಿಗೆ ಹೋಗಲಿ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಕಥೆಯ ಮೊದಲ ಪುಟದಲ್ಲೇ ಅಚ್ಚಾಗಬೇಕು. ನೀಲಗಾರರಿಂದ ಕಥೆ ಪಡೆದರೆ ಅವರ ಹೆಸರೂ ಅಲ್ಲೇ ಇರಬೇಕು, ಸಂಭಾವನೆಯೂ ಲೇಖಕರಿಗೆ ಸಮನಾಗಿ ಸಲ್ಲಬೇಕು.