ಹಳೆಯ ಕಡತವನ್ನು ಕೈಬಿಡುವ ಮುನ್ನ



ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗದ ಜಾಲತಾಣದ ಬಗ್ಗೆ ಕೆಲವು ವಾರಗಳಿಂದ ನಡೆದಿರುವ ಚರ್ಚೆ ನಿಮಗೆ ತಿಳಿದೇ ಇದೆ. ಎಲ್ಲ ತಂಡಗಳವರ ಹೆಸರು, ಊರು, ವಿಳಾಸಗಳನ್ನು ಕೂಡಿಟ್ಟಿರುವ ಡೇಟಾಬೇಸ್ ಹಳೆಯ ಆವೃತ್ತಿಯದು. ತಾಣವನ್ನು ಕಟ್ಟಲು ಬಳಸಿರುವ ‘ಜಾಂಗೋ’ ತಂತ್ರಾಂಶದ ಹೊಸ ಆವೃತ್ತಿಗಳು ಅದಕ್ಕೆ ಬೆಂಬಲ ನೀಡುವುದಿಲ್ಲ. “ನಡೆಯುತ್ತಿರುವುದನ್ನು ಏಕೆ ಕೆದಕಬೇಕು?” ಎಂದು ಕೆಲವರು ಕೇಳಿದರೆ, “ಇದೆಲ್ಲ ವ್ಯಾಪಾರದ ತಂತ್ರ” ಎಂದು ಮತ್ತೆ ಕೆಲವರು ಹೇಳಿದ್ದಾರೆ. ನನ್ನ ಅಭಿಪ್ರಾಯವನ್ನೂ ಕೇಳಿದ್ದೀರಿ.

ವ್ಯಾಪಾರದ ಮಾತು ಇಲ್ಲಿ ಸಲ್ಲದು. ಜಾಂಗೋ ಆಗಲಿ, ನಾವು ಬಳಸುತ್ತಿರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಲಿ ಉಚಿತವಾಗಿ ದೊರೆಯುವಂಥವು. ಪೋಸ್ಟ್‌ಗ್ರೆಸ್ಸಿನ ಪ್ರತಿಯೊಂದು ಮುಖ್ಯ ಆವೃತ್ತಿಯನ್ನು ಅದರ ನಿರ್ಮಾತೃಗಳು ಐದು ವರ್ಷ ಪೋಷಿಸುತ್ತಾರೆ. ನಮ್ಮದು 12ನೆಯ ಆವೃತ್ತಿ. ಅದು ಬಂದದ್ದು 2019ರಲ್ಲಿ. ಪೋಷಣೆ ನಿಂತದ್ದು 2024ರ ನವೆಂಬರಿನಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಬಂದ ಜಾಂಗೋ 5.1 ಅದನ್ನು ಕೈಬಿಟ್ಟಿತು. ಪೋಷಣೆ ನಿಂತ ಮೇಲೆ ಅದರಲ್ಲಿ ಭದ್ರತೆಯ ದೋಷ ಕಂಡುಬಂದರೂ ತೇಪೆ ಹಾಕುವವರಿಲ್ಲ. ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಕೊಂಡರೆ, ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ಅವೆಲ್ಲದರ ಮೇಲೆ ಪರೀಕ್ಷಿಸಬೇಕಾಗುತ್ತದೆ. ಬಹುಪಾಲು ಸ್ವಯಂಸೇವಕರೇ ಹೊತ್ತಿರುವ ಕೆಲಸಕ್ಕೆ ಅಷ್ಟು ಹೊರೆ ಹೇರುವುದು ನ್ಯಾಯವಲ್ಲ. ಆದ್ದರಿಂದ ಕೈಬಿಟ್ಟದ್ದು ಸರಿ ಎಂದೇ ನನ್ನ ಮತ.

ಆದರೆ ಕೈಬಿಡುವುದಕ್ಕೂ ಒಂದು ಕ್ರಮವಿದೆ. ಅದನ್ನು ನಮ್ಮ ಕಡೆಯ ರೈತರು ಚೆನ್ನಾಗಿ ಬಲ್ಲರು. 2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಡಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅದುವರೆಗೆ ಪಹಣಿ ಎಂದರೆ ಗ್ರಾಮಲೆಕ್ಕಿಗರ ಕೈಬರಹ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಹೊಸ ರೂಪ ತಳೆದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುವಂತಾಯಿತು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ರದ್ದಾಯಿತು. ತಂತ್ರಜ್ಞರ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಆವೃತ್ತಿಗೆ ಬೆಂಬಲ ನಿಂತಿತು.

ಎರಡೂ ಏಕಕಾಲಕ್ಕೆ ಮಾನ್ಯವಾಗಿದ್ದರೆ ಯಾವುದು ನಿಜವೆಂಬ ವ್ಯಾಜ್ಯ ತೀರುತ್ತಲೇ ಇರಲಿಲ್ಲ. ಹೀಗಾಗಿ ಆ ನಿರ್ಧಾರ ಅನಿವಾರ್ಯವಾಗಿತ್ತು. ಆದರೂ ಹಳೆಯ ಪುಸ್ತಕದಲ್ಲಿದ್ದ ಹೆಸರಿನ ತಪ್ಪು, ವಿಸ್ತೀರ್ಣದ ತಪ್ಪು ಅಚ್ಚಿಗೂ ಇಳಿದುಬಂದಾಗ, ತಿದ್ದುಪಡಿಗೆ ಅಲೆದವನು ರೈತ. ತಂದೆಯ ಹೆಸರಿನ ಒಂದು ಅಕ್ಷರ ವ್ಯತ್ಯಾಸವಾದರೂ ಬ್ಯಾಂಕಿನ ಸಾಲಕ್ಕೆ ತೊಡಕು. ವರ್ಗಾವಣೆ ಮಾಡುವವರಿಗೆ ಅದು ಒಂದು ಸಾಲು. ಹೊಲದ ಒಡೆಯನಿಗೆ ಅದೇ ಬದುಕು.

ಇದಕ್ಕೆ ಪ್ರತಿಯಾಗಿ ಮತ್ತೊಂದು ನಿದರ್ಶನವೂ ನಮ್ಮ ಮನೆಗಳಲ್ಲಿಯೇ ಇದೆ. ಕೆಂಪಾಪುರದ ಹಳೆಯ ಕಾಗದಗಳಲ್ಲಿ ಜಿಲ್ಲೆಯ ಹೆಸರು ಬೆಂಗಳೂರು. 1986ರ ನಂತರ ಬೆಂಗಳೂರು ಗ್ರಾಮಾಂತರ. 2007ರ ನಂತರ ರಾಮನಗರ. 2025ರಿಂದ ಬೆಂಗಳೂರು ದಕ್ಷಿಣ. ಹೆಸರು ಇಷ್ಟು ಬಾರಿ ಬದಲಾದರೂ ಅಜ್ಜನ ಕಾಲದ ಕ್ರಯಪತ್ರ ಆ ಕಾರಣಕ್ಕೆ ಅಸಿಂಧುವಾಗಲಿಲ್ಲ. ಕಚೇರಿಯ ವ್ಯವಸ್ಥೆ ಬದಲಾಗಬಹುದು. ಜನ ನಂಬಿ ಒಪ್ಪಿಸಿದ ದಾಖಲೆಯ ಸತ್ಯಕ್ಕೆ ಚ್ಯುತಿ ಬರಬಾರದು.

ಈ ದೃಷ್ಟಿಯಿಂದ ಜಾಂಗೋದವರ ನಡೆ ಮೆಚ್ಚತಕ್ಕದ್ದು. 12ನೆಯ ಆವೃತ್ತಿಯನ್ನು ಬಳಸುತ್ತಿದ್ದವರು ಜಾಂಗೋ 4.2ರಲ್ಲಿಯೇ ಉಳಿಯಬಹುದಾಗಿತ್ತು, ಅದಕ್ಕೆ 2026ರ ಏಪ್ರಿಲ್‌ವರೆಗೆ ಭದ್ರತೆಯ ತಿದ್ದುಪಡಿಗಳು ದೊರೆಯುವುವೆಂದು ಮೊದಲೇ ಸಾರಲಾಗಿತ್ತು. ಗಡುವನ್ನು ಹೀಗೆ ಮುಂಚಿತವಾಗಿ ತಿಳಿಸುವುದು ಬಿಡುವವರ ಧರ್ಮ. ಗಡುವಿನೊಳಗೆ ಎದ್ದು ಹೊರಡುವುದು ಬಳಸುವವರ ಧರ್ಮ. ಬೇಸಿಗೆಯಲ್ಲೇ ಮಾಡಿನ ಹೆಂಚು ಕೈಯಾಡಿಸಿಕೊಳ್ಳುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಕೆಲಸ. ಮೊದಲು ಇಡೀ ದಾಖಲೆಯ ಒಂದು ಪ್ರತಿಯನ್ನು ಬೇರೆಡೆ ಭದ್ರವಾಗಿರಿಸಿ. ಅನಂತರ ಹೊಸ ಡೇಟಾಬೇಸಿಗೆ ವರ್ಗಾಯಿಸಿ. ಪ್ರತಿ ತಂಡದಿಂದ ಇಬ್ಬರು ಕುಳಿತು ತಮ್ಮವರ ಹೆಸರುಗಳನ್ನು ಓದಿ ನೋಡುವವರೆಗೆ ಹಳೆಯದನ್ನು ಅಳಿಸಬೇಡಿ. ತಂತ್ರಾಂಶ ಬಲ್ಲ ನಿಮ್ಮ ಕೈಯಲ್ಲಿ ವರ್ಗಾವಣೆ ಇರಲಿ. ಊರಿನಲ್ಲೇ ಉಳಿದು ಬೇಸಾಯ, ರೇಷ್ಮೆ ನೋಡಿಕೊಂಡಿರುವ ಗೆಳೆಯರನ್ನು “ಮತ್ತೆ ಅರ್ಜಿ ತುಂಬಿ” ಎಂದು ಅಲೆಸಬೇಡಿ. ನಮ್ಮ ಪಟ್ಟಿಯಲ್ಲಿ ಈಗ ನಮ್ಮೊಡನೆ ಇಲ್ಲದವರ ಹೆಸರುಗಳೂ ಇವೆ. ಅವರು ಮತ್ತೆ ಅರ್ಜಿ ತುಂಬಲಾರರು. ಅವರ ಹೆಸರು ಬಿಟ್ಟುಹೋದರೆ ಕೇಳುವವರೂ ಇರುವುದಿಲ್ಲ.

ಮೊದಲ ಹತ್ತು ತಂಡಗಳ ಪಟ್ಟಿಯನ್ನು ಮುದ್ರಿಸಿ ನನಗೆ ಕಳುಹಿಸಿಕೊಡಿ. ನನ್ನ ಹಳೆಯ ನೋಟ್‌ಬುಕ್ಕುಗಳೊಡನೆ ತಾಳೆ ನೋಡಿಕೊಡುತ್ತೇನೆ.

ನಿಮ್ಮ ಮೇಷ್ಟರು