ಮ್ಯಾಚ್ ಇಲ್ಲದ ವಾರದ ಹದಿನೈದು ಜನ

ಈ ಶನಿವಾರ ಮ್ಯಾಚ್ ಇಲ್ಲ. 2025ರ ಸಿಕ್ಸ್ ನೇಷನ್ಸ್ ರಗ್ಬಿಯ ಎರಡು ಸುತ್ತು ಮುಗಿದಿವೆ, ಮೂರನೇದು ಫೆಬ್ರವರಿ 22ಕ್ಕೆ. ನಡುವಿನ ಈ ವಾರ ಬಿಡುವು. ಬಿಡುವು ಆಟಗಾರರಿಗೆ ಮಾತ್ರ, ನೋಡೋರಿಗಲ್ಲ. ಎಡಿನ್‌ಬರಾದ ನಮ್ಮ ಆಫೀಸಿನಲ್ಲಿ ಸೋಮವಾರದಿಂದ ಅತ್ಯಂತ ಗಂಭೀರವಾಗಿ ನಡೀತಿರೋ ಕೆಲಸ ಅಂದ್ರೆ ತಂಡ ಕಟ್ಟೋದು. ಸ್ಟ್ಯಾಂಡ್‌ಅಪ್ ಮೀಟಿಂಗ್ ಹತ್ತು ನಿಮಿಷದಲ್ಲಿ ಮುಗಿಯುತ್ತೆ, ಹತ್ತನೇ ನಂಬರ್ ಜೆರ್ಸಿ ಯಾರಿಗೆ ಅನ್ನೋದು ಊಟದ ಹೊತ್ತಿಗೂ ಮುಗಿಯಲ್ಲ.

ರಗ್ಬಿ ಗೊತ್ತಿಲ್ಲದವರಿಗೆ ಎರಡೇ ಮಾತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್, ಇಟಲಿ - ಈ ಆರು ತಂಡಗಳು ಪ್ರತಿ ವರ್ಷ ಚಳಿಗಾಲದ ಕೊನೆಗೆ ಆಡೋ ಟೂರ್ನಿ ಇದು. ಇವುಗಳಲ್ಲಿ ಮೊದಲ ನಾಲ್ಕು ಸೇರಿ ನಾಲ್ಕು ವರ್ಷಕ್ಕೊಮ್ಮೆ ಒಂದೇ ತಂಡ ಆಗ್ತವೆ, ಹೆಸರು ಬ್ರಿಟಿಷ್ ಅಂಡ್ ಐರಿಶ್ ಲಯನ್ಸ್. 1888ರಲ್ಲಿ ಶುರುವಾದ ಪದ್ಧತಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಹೀಗೆ ಸರದಿ ಪ್ರಕಾರ ಪ್ರವಾಸ. ಅಂದ್ರೆ ಒಂದು ದೇಶಕ್ಕೆ ಹನ್ನೆರಡು ವರ್ಷಕ್ಕೊಮ್ಮೆ. ಈ ಸಲ ಆಸ್ಟ್ರೇಲಿಯಾ, ಮೊದಲ ಟೆಸ್ಟ್ ಜುಲೈ 19ಕ್ಕೆ ಬ್ರಿಸ್ಬೇನ್‌ನಲ್ಲಿ. ಹಾಗಾಗಿ ಈ ವರ್ಷದ ಸಿಕ್ಸ್ ನೇಷನ್ಸ್ ಒಂಥರಾ ಐದು ಸುತ್ತಿನ ಇಂಟರ್‌ವ್ಯೂ. ಇಂಟರ್‌ವ್ಯೂ ಮಾಡೋರು ಕೋಚ್ ಆಂಡಿ ಫಾರೆಲ್. ಪ್ಯಾನೆಲ್‌ನಲ್ಲಿ ಯಾರೂ ಕರೆಯದೆ ಬಂದು ಕೂತಿರೋರು ನಾವು.

ನಮ್ಮ ಟೇಬಲ್ಲಿನ ಸುತ್ತ ಒಬ್ಬ ಸ್ಕಾಟಿಶ್ ಮ್ಯಾನೇಜರ್, ಡಬ್ಲಿನ್‌ನ ಹುಡುಗಿ ಒಬ್ಬಳು, ವೇಲ್ಸ್‌ನ ಟೆಸ್ಟರ್, ಇಂಗ್ಲೆಂಡಿನವರು ಇಬ್ಬರು, ಮತ್ತೆ ದಾವಣಗೆರೆಯ ನಾನು. ನನಗೆ ಇಲ್ಲಿ ಒಂದು ಅನುಕೂಲ ಇದೆ. ನಾಲ್ಕು ದೇಶಗಳಲ್ಲಿ ಒಂದೂ ನನ್ನದಲ್ಲ. ಹಾಗಾಗಿ ಜಗಳ ಆದಾಗಲೆಲ್ಲ ನನ್ನನ್ನೇ ಅಂಪೈರ್ ಮಾಡ್ತಾರೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ರಗ್ಬಿ ತಂಡ ಕಟ್ಟೋದು ಸುಲಭ ಅನ್ನಿಸಬಹುದು. ಹದಿನೈದು ಜಾಗ, ಹದಿನೈದು ಒಳ್ಳೇ ಹೆಸರು, ಮುಗೀತು. ಆದ್ರೆ ಹಾಗಾಗಲ್ಲ. ಕ್ರಿಕೆಟ್‌ನಲ್ಲಿ ಕೊನೆಗೂ ಒಬ್ಬ ಬೌಲರ್, ಒಬ್ಬ ಬ್ಯಾಟರ್. ಸ್ಲಿಪ್‌ನಲ್ಲಿರೋನಿಗೂ ಮಿಡ್‌ವಿಕೆಟ್‌ನಲ್ಲಿರೋನಿಗೂ ಮಾತು ಬಿಟ್ಟಿದ್ರೂ ಪಂದ್ಯ ಗೆಲ್ಲಬಹುದು. ರಗ್ಬಿಯಲ್ಲಿ 1, 2, 3ನೇ ನಂಬರಿನವರು ಒಬ್ಬರ ಹೆಗಲಿಗೆ ಇನ್ನೊಬ್ಬರು ಅಂಟಿಕೊಂಡು ತಳ್ಳಬೇಕು. ಬಲಗಡೆ ತಳ್ಳೋನನ್ನ ಎಡಗಡೆ ಹಾಕಿದ್ರೆ ಇಡೀ ಸ್ಕ್ರಮ್ ಕುಸಿಯುತ್ತೆ. 9 ಮತ್ತು 10 ಗಂಡ ಹೆಂಡತಿ ಇದ್ದ ಹಾಗೆ, ಒಬ್ಬರು ಎಸೆಯೋ ಮೊದಲೇ ಇನ್ನೊಬ್ಬರಿಗೆ ಗೊತ್ತಿರಬೇಕು. 12 ಮತ್ತು 13 ಕೂಡ ಜೋಡಿ. ಸಿಯೋನೆ ಟುಯಿಪುಲೊಟು ಮತ್ತು ಹ್ಯೂ ಜೋನ್ಸ್ ಗ್ಲಾಸ್ಗೋ ಕ್ಲಬ್ಬಿನಲ್ಲೂ ಸ್ಕಾಟ್ಲೆಂಡ್ ತಂಡದಲ್ಲೂ ಜೊತೆಗೇ ಆಡಿ ಆಡಿ, ಇಲ್ಲಿನ ಜನ ಇಬ್ಬರ ಹೆಸರನ್ನೂ ಸೇರಿಸಿ ಒಂದೇ ಹೆಸರು ಮಾಡಿಬಿಟ್ಟಿದ್ದಾರೆ. ಜನವರಿಯಲ್ಲಿ ಟುಯಿಪುಲೊಟುಗೆ ಎದೆಯ ಸ್ನಾಯು ಹರಿದು ಟೂರ್ನಿಯೇ ತಪ್ಪಿತು. ಈಗ ಪ್ರಶ್ನೆ ಏನಪ್ಪಾ ಅಂದ್ರೆ, ಅವನಿಲ್ಲದ ಜೋನ್ಸ್‌ಗೆ ಎಷ್ಟು ಅಂಕ ಕೊಡೋದು?

ಆಯ್ಕೆಯ ಕಷ್ಟ ಗೊತ್ತಾಗಬೇಕಾದ್ರೆ 2013 ನೆನಪಿಸ್ಕೊಬೇಕು. ಲಯನ್ಸ್ ಕಳೆದ ಸಲ ಆಸ್ಟ್ರೇಲಿಯಾಕ್ಕೆ ಹೋಗಿದ್ದು ಆಗ. ಎರಡು ಟೆಸ್ಟ್ ಆಗಿ ಸರಣಿ 1-1. ನಾಯಕ ಸ್ಯಾಮ್ ವಾರ್‌ಬರ್ಟನ್‌ಗೆ ಗಾಯ. ಮೂರನೇ ಟೆಸ್ಟ್‌ಗೆ ಬ್ರಯನ್ ಓ ಡ್ರಿಸ್ಕಲ್ ನಾಯಕ ಅಂತ ಎಲ್ಲರೂ ಅಂದ್ಕೊಂಡಿದ್ದರು. ಐರ್ಲೆಂಡ್‌ನವನು, ನಾಲ್ಕನೇ ಲಯನ್ಸ್ ಪ್ರವಾಸ, ಅವನ ಕಾಲದ ಅತ್ಯುತ್ತಮ 13. ಕೋಚ್ ವಾರನ್ ಗ್ಯಾಟ್ಲಂಡ್ ಪಟ್ಟಿ ಓದಿದಾಗ ಅವನು ನಾಯಕ ಬಿಡಿ, 23 ಜನರಲ್ಲೂ ಇರಲಿಲ್ಲ. ಬದಲಿಗೆ ಹದಿನೈದರಲ್ಲಿ ಹತ್ತು ಮಂದಿ ವೇಲ್ಸ್‌ನವರು. ಗ್ಯಾಟ್ಲಂಡ್ ಆಗ ವೇಲ್ಸ್‌ನ ಕೋಚ್ ಕೂಡ. ಐರ್ಲೆಂಡ್ ಹೊತ್ತಿ ಉರಿಯಿತು. ತೊಂಬತ್ತರ ದಶಕದಲ್ಲಿ ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್, ಸುನಿಲ್ ಜೋಶಿ ಒಟ್ಟಿಗೆ ಭಾರತಕ್ಕೆ ಆಡುವಾಗ ನಮಗೆ ಅದು ಸಹಜ ನ್ಯಾಯ ಅನ್ನಿಸ್ತಿತ್ತು, ಬೇರೆ ರಾಜ್ಯದವರಿಗೆ ಹೇಗನ್ನಿಸಿತ್ತೋ. ಸಿಡ್ನಿಯಲ್ಲಿ ಲಯನ್ಸ್ 41-16ರಲ್ಲಿ ಗೆದ್ದಿತು. 1997ರ ನಂತರದ ಮೊದಲ ಸರಣಿ ಜಯ.

ಡಬ್ಲಿನ್ ಹುಡುಗಿ ಆಗ ಸ್ಕೂಲಿನಲ್ಲಿದ್ದಳಂತೆ. ಇವತ್ತಿಗೂ ಅವಳ ವಾದ ಒಂದೇ: 'ಅವನಿದ್ದಿದ್ರೂ ಗೆಲ್ತಿದ್ರು.' ಇದನ್ನ ತಪ್ಪು ಅಂತ ಸಾಬೀತು ಮಾಡೋಕೆ ಯಾರಿಂದಲೂ ಆಗಲ್ಲ. ನನ್ನ ಪ್ರಕಾರ ಗ್ಯಾಟ್ಲಂಡ್ ಮಾಡಿದ್ದು ಸರಿ. ಒಗ್ಗಿದ ಜೋಡಿಯನ್ನ ಹಾಕಿದ, ದೊಡ್ಡ ಹೆಸರನ್ನ ಬಿಟ್ಟ. ಸರಿ ಅನ್ನೋದನ್ನ ಅವಳ ಮುಂದೆ ಜೋರಾಗಿ ಹೇಳಲ್ಲ, ಅಷ್ಟೇ.

ಅದೇ ಗ್ಯಾಟ್ಲಂಡ್ ಈ ಮಂಗಳವಾರ ವೇಲ್ಸ್ ಕೋಚ್ ಹುದ್ದೆ ಬಿಟ್ಟ. ಟೂರ್ನಿಯ ಮಧ್ಯದಲ್ಲೇ! ಸತತ 14 ಟೆಸ್ಟ್ ಸೋಲು. ಪ್ಯಾರಿಸ್‌ನಲ್ಲಿ 43-0, ರೋಮ್‌ನಲ್ಲಿ 22-15. ಮೊದಲ ಅವಧಿಯಲ್ಲಿ ಮೂರು ಗ್ರ್ಯಾಂಡ್ ಸ್ಲ್ಯಾಮ್ ಗೆಲ್ಲಿಸಿಕೊಟ್ಟವನು. ನಮ್ಮ ಟೆಸ್ಟರ್ ಆ ದಿನ ಹೆಡ್‌ಫೋನ್ ತೆಗೆಯಲೇ ಇಲ್ಲ. ಸಂಜೆ ಅವನ ಲಯನ್ಸ್ ಪಟ್ಟಿ ಬಂತು, ಅದರಲ್ಲಿ ವೇಲ್ಸ್‌ನವನು ಒಬ್ಬನೇ, ನಾಯಕ ಜ್ಯಾಕ್ ಮಾರ್ಗನ್. 2013ರ ಪ್ರವಾಸಕ್ಕೆ ಮೊದಲು ಆರಿಸಿದ 37 ಜನರಲ್ಲಿ 15 ಮಂದಿ ವೇಲ್ಸ್‌ನವರಿದ್ದರು. 'ಇನ್ನೊಬ್ಬನನ್ನ ಸೇರಿಸು, ಟೊಮೊಸ್ ವಿಲಿಯಮ್ಸ್ ಇದ್ದಾನಲ್ಲ' ಅಂದೆ. 'ಕರುಣೆಯಿಂದ ಬೇಡ' ಅಂದ. ಈ ವಾರ ನಾನು ಕೇಳಿದ ಮಾತುಗಳಲ್ಲಿ ನನಗೆ ತುಂಬಾ ತಟ್ಟಿದ್ದು ಇದೇ. ಮೂವತ್ತು ಲಕ್ಷ ಜನರ ನಾಡು, ರಗ್ಬಿ ಬಿಟ್ಟರೆ ಜಗತ್ತು ಅವರ ಹೆಸರು ಹೇಳೋ ಸಂದರ್ಭ ಕಡಿಮೆ. ಆದ್ರೂ ಅವನಿಗೆ ಕೋಟಾ ಬೇಡ.

ನಿಜವಾದ ಜಗಳ ಶುರುವಾಗಿದ್ದು ಬುಧವಾರ. ಮ್ಯಾನೇಜರ್ ನನ್ನ ಪಟ್ಟಿ ನೋಡಿ, 'ಇದರಲ್ಲಿ ನಮ್ಮ ದ್ವೀಪಗಳಲ್ಲಿ ಹುಟ್ಟಿದವರು ಎಷ್ಟು ಜನ?' ಅಂತ ಕೇಳಿದ. ಎಣಿಸಿದೆವು. 9ಕ್ಕೆ ಜೇಮಿಸನ್ ಗಿಬ್ಸನ್ ಪಾರ್ಕ್, ಹುಟ್ಟಿದ್ದು ನ್ಯೂಜಿಲೆಂಡ್. 11ಕ್ಕೆ ಡುಹಾನ್ ವಾನ್ ಡರ್ ಮರ್ವಾ, ದಕ್ಷಿಣ ಆಫ್ರಿಕಾ. 12ಕ್ಕೆ ಗುಣವಾದರೆ ಟುಯಿಪುಲೊಟು, ಮೆಲ್ಬೋರ್ನ್. 14ಕ್ಕೆ ಮ್ಯಾಕ್ ಹ್ಯಾನ್ಸನ್, ಕ್ಯಾನ್‌ಬೆರಾ. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರನ್ನ ಕರ್ಕೊಂಡು ಆಸ್ಟ್ರೇಲಿಯಾ ಮೇಲೆ ಆಡೋದು!

ನಿಯಮ ಹೀಗಿದೆ. ನೀವು ಆ ದೇಶದಲ್ಲಿ ಹುಟ್ಟಿರಬೇಕು, ಇಲ್ಲಾ ಅಪ್ಪ ಅಮ್ಮ ಅಜ್ಜ ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲಿ ಹುಟ್ಟಿರಬೇಕು, ಇಲ್ಲಾ ಇಂತಿಷ್ಟು ವರ್ಷ ಅಲ್ಲೇ ವಾಸ ಇರಬೇಕು. ಟುಯಿಪುಲೊಟು ಅಜ್ಜಿ ಗ್ಲಾಸ್ಗೋ ಹತ್ತಿರದ ಗ್ರೀನಾಕ್‌ನವರು. ಡುಹಾನ್‌ಗೆ ಅಜ್ಜಿಯ ಆಸರೆ ಇಲ್ಲ. 2017ರಲ್ಲಿ ಎಡಿನ್‌ಬರಾ ಕ್ಲಬ್‌ಗೆ ಬಂದ, ಮೂರು ವರ್ಷ ವಾಸ ಮಾಡಿ 2020ರಲ್ಲಿ ಸ್ಕಾಟ್ಲೆಂಡ್ ಜೆರ್ಸಿ ಹಾಕ್ಕೊಂಡ. ಆ ಮೂರು ವರ್ಷ ಈಗ ಐದಾಗಿದೆ. 2024ರಲ್ಲಿ ಸ್ಟೂವರ್ಟ್ ಹಾಗ್‌ನ ದಾಖಲೆ ಮುರಿದು, ಸ್ಕಾಟ್ಲೆಂಡ್ ಪರ ಅತಿ ಹೆಚ್ಚು ಟ್ರೈ ಹೊಡೆದವನಾದ.

'ಅಜ್ಜಿ ಪರವಾಗಿಲ್ಲ, ಬಾಡಿಗೆ ಮನೆ ಲೆಕ್ಕ ನನಗೆ ಒಪ್ಪಿಗೆಯಿಲ್ಲ' ಅಂದ ಮ್ಯಾನೇಜರ್. ಒಳ್ಳೆಯವನು. ಬೇಕಂತ ಚುಚ್ಚಿದ್ದಲ್ಲ. ಆದ್ರೆ ನಾನು ಈ ಊರಿಗೆ ಬಂದು ನಾಲ್ಕೂವರೆ ವರ್ಷ ಆಯ್ತು. ನನ್ನ ವೀಸಾದಲ್ಲೂ ಐದರ ಲೆಕ್ಕವೇ. ದೇಶದಿಂದ ಹೊರಗೆ ಎಷ್ಟು ದಿನ ಇದ್ದೆ ಅಂತ ಎಕ್ಸೆಲ್ ಶೀಟ್ ಇಟ್ಟಿದ್ದೀನಿ, ತಂಗಿ ಮದುವೆಗೆ ಹೋದ ದಿನಗಳೂ ಅದರಲ್ಲಿವೆ. ನನ್ನ ಮಗ ಹುಟ್ಟಿದ್ದು ದಾವಣಗೆರೆಯಲ್ಲಿ, ಮಾತಾಡೋದು ಮಾತ್ರ ಇಲ್ಲಿನವರ ಹಾಗೆ 'ಆಯ್, ವೀ' ಅಂತ. ಇವನು ನಾಳೆ ಯಾವ ತಂಡದವನು?

ನಾನು ಹೇಳಿದ್ದು ಇಷ್ಟೇ. ಅಜ್ಜಿ ಎಲ್ಲಿ ಹುಟ್ಟಿದ್ದು ಅನ್ನೋದು ಆಟಗಾರನ ಕೈಯಲ್ಲಿಲ್ಲ. ಐದು ವರ್ಷ ಈ ಮಳೆ, ಈ ಗಾಳಿ, ಮಧ್ಯಾಹ್ನ ನಾಲ್ಕಕ್ಕೇ ಆಗೋ ಈ ಕತ್ತಲು ಸಹಿಸಿಕೊಂಡು ಇಲ್ಲೇ ಉಳಿದಿದ್ದು ಅವನೇ ಮಾಡಿದ ಕೆಲಸ. ನನಗೆ ಎರಡನೇದೇ ದೊಡ್ಡದು. ಮ್ಯಾನೇಜರ್ ನಕ್ಕ, ಒಪ್ಪಲಿಲ್ಲ. ಹೋಗಿ ಎಲ್ಲರಿಗೂ ಕಾಫಿ ತಂದ. ಅಂದಹಾಗೆ ಐರ್ಲೆಂಡ್ ತಂಡದಲ್ಲಿ ಗಡಿಯ ಎರಡೂ ಕಡೆಯವರು ಒಟ್ಟಿಗೆ ಆಡ್ತಾರೆ. ಉತ್ತರ ಐರ್ಲೆಂಡ್‌ನವರ ಪಾಸ್‌ಪೋರ್ಟ್ ಬಣ್ಣ ಯಾರೂ ಕೇಳಲ್ಲ. ಅಂದ್ಮೇಲೆ ರಗ್ಬಿಯ ದೇಶ ಅನ್ನೋದು ಮೊದಲಿಂದಲೂ ಭೂಪಟದ ದೇಶಕ್ಕೆ ಸರಿಯಾಗಿ ಕೂತಿಲ್ಲ.

ಇನ್ನೊಂದು ವಿಷಯ ಹೇಳದೆ ಈ ಪಟ್ಟಿ ಕೊಡೋಕೆ ಮನಸ್ಸಾಗ್ತಿಲ್ಲ. ಕಳೆದ ಭಾನುವಾರ ಇಲ್ಲಿನ ಮರ್ರೆಫೀಲ್ಡ್‌ನಲ್ಲಿ ಐರ್ಲೆಂಡ್ 32-18ರಲ್ಲಿ ಸ್ಕಾಟ್ಲೆಂಡನ್ನ ಸೋಲಿಸಿತು. ಮೊದಲಾರ್ಧದಲ್ಲೇ ಸ್ಕಾಟ್ಲೆಂಡ್‌ನ ಫಿನ್ ರಸೆಲ್ ಮತ್ತು ಡಾರ್ಸಿ ಗ್ರಹಾಂ ಒಬ್ಬನನ್ನೇ ಹಿಡಿಯೋಕೆ ಹೋಗಿ ತಲೆಗೆ ತಲೆ ಡಿಕ್ಕಿ ಹೊಡೆದರು. ಇಬ್ಬರೂ ಹೊರಗೆ. ಗ್ರಹಾಂನನ್ನ ಸ್ಟ್ರೆಚರ್ ಮೇಲೆ ಒಯ್ದರು. ಪಬ್ ಪೂರ್ತಿ ಸ್ತಬ್ಧ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: 'ಹಾಗಾದ್ರೆ ಲಯನ್ಸ್ 14 ಹ್ಯಾನ್ಸನ್‌ಗೇ.' ಯಾರೂ ನಗಲಿಲ್ಲ. ಆದ್ರೆ ಇದ್ದವರಲ್ಲಿ ಅರ್ಧ ಜನ ಮನಸ್ಸಿನಲ್ಲೇ ಪಟ್ಟಿ ತಿದ್ದಿರ್ತಾರೆ ಅನ್ನೋದು ನನ್ನ ಗುಮಾನಿ.

2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿ 2ನೇ ನಂಬರ್ ಹಾಕಿದ್ದ ಸ್ಟೀವ್ ಥಾಂಪ್ಸನ್‌ಗೆ ನಲವತ್ತೆರಡಕ್ಕೇ ಮರೆವಿನ ಕಾಯಿಲೆ ಇದೆ ಅಂತ 2020ರಲ್ಲಿ ಹೊರಬಂತು. ಆ ಫೈನಲ್ ಆಡಿದ್ದೇ ನೆನಪಿಲ್ಲ ಅಂತ ಅವನೇ ಹೇಳಿಕೊಂಡ. ಯಾರದ್ದೇ ಸಾರ್ವಕಾಲಿಕ ಇಂಗ್ಲೆಂಡ್ ತಂಡದಲ್ಲಿ ಅವನ ಹೆಸರು ಚರ್ಚೆಗೆ ಬರುತ್ತೆ. ಅವನಿಗೆ ಆ ದಿನ ಇಲ್ಲ. ಮಗನ ಸ್ಕೂಲಿನಿಂದ ರಗ್ಬಿಗೆ ಸೇರಿಸ್ತೀರಾ ಅಂತ ಪತ್ರ ಬಂದಿದೆ. ಸಣ್ಣ ಮಕ್ಕಳಿಗೆ ಟ್ಯಾಕಲ್ ಇಲ್ಲ, ಸೊಂಟದ ಪಟ್ಟಿ ಕಿತ್ತರೆ ಸಾಕು. ನನ್ನ ಹೆಂಡತಿ ಪತ್ರ ಓದಿ, 'ಪಟ್ಟಿ ಕೀಳೋವರೆಗೆ ಆಡ್ಲಿ, ಆಮೇಲೆ ಮಾತಾಡೋಣ' ಅಂದಿದ್ದಾಳೆ. ಪತ್ರ ಫ್ರಿಜ್ ಮೇಲೆ ಮ್ಯಾಗ್ನೆಟ್ ಕೆಳಗೆ ಇನ್ನೂ ಹಾಗೇ ಇದೆ.

ಸರಿ, ನನ್ನ ಹದಿನೈದು. ಮುಂದೆ ಗೆಂಜ್, ಶೀಹನ್, ಫೇಗರ್‌ಸನ್. ಲಾಕ್‌ಗೆ ಮಾರೊ ಇಟೋಜೆ ಮತ್ತು ಜೋ ಮೆಕಾರ್ಥಿ. ಹಿಂದಿನ ಮೂವರು ಬೀರ್ನ್, ಮಾರ್ಗನ್, ಡೋರಿಸ್. 9 ಗಿಬ್ಸನ್ ಪಾರ್ಕ್. 10 ಇಷ್ಟೆಲ್ಲಾ ಆದಮೇಲೂ ರಸೆಲ್, ಫ್ರಾನ್ಸ್ ಮೇಲೆ ಕೊನೇ ಗಳಿಗೆಯಲ್ಲಿ 26-25ರ ಗೆಲುವು ತಂದ ಫಿನ್ ಸ್ಮಿತ್ ಬೆಂಚ್‌ನಲ್ಲಿರಲಿ. ಡುಹಾನ್, ಟುಯಿಪುಲೊಟು, ಜೋನ್ಸ್, ಹ್ಯಾನ್ಸನ್, ಕೀನನ್. ನಾಯಕ ಇಟೋಜೆ. ಡೋರಿಸ್ ಯಾಕಲ್ಲ ಅಂತ ಡಬ್ಲಿನ್ ಕಡೆಯಿಂದ ಈಗಾಗಲೇ ಮೆಸೇಜ್ ಬಂದಿದೆ. ಇಟೋಜೆ ಎಂಬತ್ತು ನಿಮಿಷವೂ ಮೈದಾನದಲ್ಲಿರ್ತಾನೆ, ಅರವತ್ತಕ್ಕೆ ಹೊರಹೋಗೋ ನಾಯಕ ನನಗೆ ಬೇಡ ಅನ್ನೋದೇ ಉತ್ತರ. ಎಡಗಡೆ ಲೋ, ಮಧ್ಯದಲ್ಲಿ ಬಂಡೀ ಆಕಿ, ಇಬ್ಬರನ್ನೂ ಬಿಟ್ಟಿದ್ದೀನಿ, ಅದಕ್ಕೂ ಮೆಸೇಜ್ ಬರುತ್ತೆ.

22ಕ್ಕೆ ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್. ಗೆದ್ದವರಿಗೆ ಸಿಗೋದು ಕಲ್ಕತ್ತಾ ಕಪ್. ಹೌದು, ನಮ್ಮ ಕಲ್ಕತ್ತಾನೇ. ಅಲ್ಲಿನ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನ ಕರಗಿಸಿ ಮಾಡಿಸಿದ ಬಟ್ಟಲು, 1879ರಿಂದ ಇವರಿಬ್ಬರ ನಡುವೆ ಓಡಾಡ್ತಿದೆ. ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಕಳೆದ ನಾಲ್ಕು ವರ್ಷವೂ ಸ್ಕಾಟ್ಲೆಂಡೇ ಗೆದ್ದಿದೆ. ಕಳೆದ ವರ್ಷ ಮೂರು ಟ್ರೈ ಹೊಡೆದು ಗೆಲ್ಲಿಸಿದ್ದು ಯಾರು ಅಂತ ಮ್ಯಾನೇಜರ್‌ನ ಕೇಳಿದೆ. 'ಡುಹಾನ್' ಅಂದ. 'ಯಾವ ಊರಿನವನು?' ಅಂದೆ.

'ಎಡಿನ್‌ಬರಾ' ಅಂದ, ಕಾಫಿ ಕುಡೀತಾ.