ಯಾವ ಮೂವರು?

ಮೂವರು ಕುಳಿತು ತೀರ್ಮಾನಿಸುವುದರಲ್ಲಿ ಒಂದು ಅನುಕೂಲವುಂಟು: ತಕ್ಕಡಿ ಎರಡೂ ಕಡೆ ಸಮನಾಗಿ ನಿಂತುಬಿಡುವ ಭಯವಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಅಪೀಲು ನ್ಯಾಯಾಲಯಗಳು ನೆಚ್ಚಿರುವುದು ಈ ಸಂಖ್ಯೆಯನ್ನೇ. ಸರ್ಕ್ಯೂಟ್ ಎಂದು ಕರೆಯಲ್ಪಡುವ ಇಂಥ ನ್ಯಾಯಾಲಯಗಳು ಅಲ್ಲಿ 13 ಇವೆ. ಜಿಲ್ಲಾ ನ್ಯಾಯಾಲಯದಲ್ಲಿ ಸೋತವನ ಅಹವಾಲನ್ನು ಮೂವರ ಪೀಠ ಕೇಳುತ್ತದೆ. ಇಬ್ಬರು ಒಪ್ಪಿದುದೇ ತೀರ್ಪು. ಸುಪ್ರೀಂ ಕೋರ್ಟು ವರ್ಷಕ್ಕೆ ನೂರು ಮೊಕದ್ದಮೆಗಳನ್ನೂ ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ ಬಹುಮಂದಿ ಕಕ್ಷಿಗಾರರಿಗೆ ಈ ಪೀಠದ ಮಾತೇ ಕಡೆಯ ಮಾತು.

ಮೂವರೂ ಏಕಕಂಠದಿಂದ ನುಡಿಯುವುದೇ ಹೆಚ್ಚು. ಆದರೆ ಮತಭೇದ ತಲೆದೋರಿತೆನ್ನಿ. ಆಗ ಪೀಠದಲ್ಲಿ ಯಾವ ಮೂವರು ಕುಳಿತಿದ್ದರೆಂಬುದೇ ಒಬ್ಬನ ಹಣೆಬರಹವಾಗಬಹುದು.

ವಾಯುಪಡೆಯಲ್ಲಿ ಒಂಬತ್ತು ವರ್ಷ ಸೇವೆ ಸಲ್ಲಿಸಿ ಬಂದಿದ್ದ ಜೇಮ್ಸ್ ಮೆರೆಡಿತ್ ಎಂಬ ಕರಿಯ ಜನಾಂಗದ ತರುಣ 1961ರಲ್ಲಿ ಮಿಸಿಸಿಪಿ ವಿಶ್ವವಿದ್ಯಾನಿಲಯದ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. ಮೊಕದ್ದಮೆ ಐದನೆಯ ಸರ್ಕ್ಯೂಟಿಗೆ ಬಂದಿತು. 1962ರ ಜೂನ್ 25ರಂದು ವಿಸ್‌ಡಮ್ ಮತ್ತು ಬ್ರೌನ್ ಎಂಬ ನ್ಯಾಯಾಧೀಶರು ಅವನ ಪರವಾಗಿ ತೀರ್ಪಿತ್ತರು; ಮೂರನೆಯವರಾದ ಡಿವೇನ್ ಭಿನ್ನಮತ ಬರೆದರು. ಅಂದು ಮೆರೆಡಿತ್‌ನ ಇಪ್ಪತ್ತೊಂಬತ್ತನೆಯ ಹುಟ್ಟುಹಬ್ಬ!

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಸರ್ಕ್ಯೂಟಿನ ಬೆನ್ ಕ್ಯಾಮರನ್, ಮಿಸಿಸಿಪಿಯವರೇ, ಆ ಪೀಠದಲ್ಲಿ ಕುಳಿತಿರದಿದ್ದರೂ ತಡೆಯಾಜ್ಞೆ ಹೊರಡಿಸಿದರು. ಪೀಠ ಅದನ್ನು ತೆಗೆದುಹಾಕಿತು. ಅವರು ಮತ್ತೆ ಹೊರಡಿಸಿದರು. ಹೀಗೆ ನಾಲ್ಕು ಸಲ! ಕೊನೆಗೆ ಸೆಪ್ಟೆಂಬರ್ 10ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಆ ತಡೆಗಳನ್ನೆಲ್ಲ ನಿವಾರಿಸಿದರು. ಅಕ್ಟೋಬರ್ 1ರಂದು ಮೆರೆಡಿತ್ ವಿಶ್ವವಿದ್ಯಾನಿಲಯವನ್ನು ಸೇರಿದ. ಹಿಂದಿನ ರಾತ್ರಿಯ ದೊಂಬಿಯಲ್ಲಿ ಇಬ್ಬರು ಸತ್ತಿದ್ದರು.

ಮರುವರ್ಷ ಬರ್ಮಿಂಗ್‌ಹ್ಯಾಮ್ ಶಾಲೆಗಳ ಮೊಕದ್ದಮೆಯಲ್ಲಿ ಕ್ಯಾಮರನ್ ತಮ್ಮ ಅಸಮಾಧಾನವನ್ನು ಬಹಿರಂಗವಾಗಿಯೇ ಬರೆದರು. ಟಟಲ್, ವಿಸ್‌ಡಮ್, ಬ್ರೌನ್, ರೈವ್ಸ್ ಇವರನ್ನು ‘ಆ ನಾಲ್ವರು’ ಎಂದು ಕರೆದು, ಜನಾಂಗಭೇದದ ಮೊಕದ್ದಮೆಗಳ ಪೀಠಗಳಲ್ಲಿ ಇವರದೇ ಬಹುಮತ ಬರುವಂತೆ ಏರ್ಪಾಡಾಗುತ್ತಿದೆಯೆಂದು ಆರೋಪಿಸಿದರು. ಮುಖ್ಯ ನ್ಯಾಯಾಧೀಶರು ಆಗ ಟಟಲ್ ಅವರೇ.

ನೇಮಿಸಿದವರ ಪಕ್ಷವನ್ನು ನೋಡಿ ನ್ಯಾಯಾಧೀಶರ ಒಲವನ್ನು ಅಳೆಯುವವರು ಇಲ್ಲಿ ಕೊಂಚ ನಿಲ್ಲಬೇಕು. ನಾಲ್ವರಲ್ಲಿ ಮೂವರನ್ನು ನೇಮಿಸಿದವರು ಅಧ್ಯಕ್ಷ ಐಸನ್‌ಹೋವರ್. ಕ್ಯಾಮರನ್ ಅವರನ್ನು ನೇಮಿಸಿದವರೂ ಅವರೇ!

ಕ್ಯಾಮರನ್ನರು ಹಿಡಿದ ಪಕ್ಷ ನನಗೆ ಒಪ್ಪಿಗೆಯಿಲ್ಲ. ಒಬ್ಬ ವಿದ್ಯಾರ್ಥಿಯನ್ನು ಬಣ್ಣ ನೋಡಿ ಹೊರಗೆ ನಿಲ್ಲಿಸುವುದನ್ನು ಯಾವ ಅಧ್ಯಾಪಕ ತಾನೇ ಒಪ್ಪಿಯಾನು? ಆದರೂ ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಪೀಠವನ್ನು ಕೈಯಾರ ಆರಿಸುವ ಅಧಿಕಾರ ಒಳ್ಳೆಯವರ ಕೈಯಲ್ಲಿದ್ದಾಗ ನಮಗೆ ಹಿತವೆನಿಸುತ್ತದೆ; ನಾಳೆ ಅದೇ ಅಧಿಕಾರ ಕ್ಯಾಮರನ್ನರಂಥವರ ಕೈಗೆ ಬಂದರೆ?

ಇಂದು ಅಲ್ಲಿನ ಬಹುಪಾಲು ಪೀಠಗಳು ಚೀಟಿಯೆತ್ತಿದಂತೆ, ಯಾರ ಆಯ್ಕೆಗೂ ಒಳಪಡದೆ ರಚಿತವಾಗುತ್ತವೆ. ಮೂವರ ತೀರ್ಪು ಉಳಿದ ಸಹೋದ್ಯೋಗಿಗಳಿಗೆ ಸರಿತೋರದಿದ್ದರೆ ಬಹುಮತದಿಂದ ದೊಡ್ಡ ಪೀಠದ ಮುಂದೆ ಮರುವಿಚಾರಣೆ ನಡೆಸಬಹುದು. ಸಾಮಾನ್ಯವಾಗಿ ಎಲ್ಲರೂ ಕೂಡುತ್ತಾರೆ. ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳುಳ್ಳ ಒಂಬತ್ತನೆಯ ಸರ್ಕ್ಯೂಟಿನಲ್ಲಿ ಮಾತ್ರ 29 ಸ್ಥಾನಗಳಿರುವುದರಿಂದ ಹನ್ನೊಂದು ಮಂದಿ ಸಾಕೆಂದಿದ್ದಾರೆ. ಮುಖ್ಯ ನ್ಯಾಯಾಧೀಶರು ಒಬ್ಬರು. ಉಳಿದ ಹತ್ತು ಹೆಸರುಗಳು ಅಲ್ಲಿಯೂ ಚೀಟಿಯಿಂದಲೇ ಬರುತ್ತವೆ.